ಸ್ಥಾನಿಕ ಸ್ವರಾಜ್ಯದ ನೌಕರನೂ ಅವನ ಶಿಕ್ಷಣವೂ

(ಶಿಕ್ಷಕರೂ ನಾಗರಿಕರೂ ಕೂಡಿದ ಸಭೆಯೊಂದರಲ್ಲಿ ಮಾಡಿದ ಭಾಷಣ)



ಸ್ಥಾನಿಕ ಸ್ವರಾಜ್ಯವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಬಹುಜನರ ಕಣ್ಣಮುಂದೆ ನಿಲ್ಲುವದು ಚುನಾವಣೆಯ ಗದ್ದಲ, ಅಧ್ಯಕ್ಷರ ಕುರ್ಚಿ, ಹೂವಿನ ಹಾರ. ಆ ಕುರ್ಚಿಯ ಮೇಲೆ ಯಾರು ಕುಳಿತುಕೊಳ್ಳಬೇಕೆಂಬ ವಿಷಯವಾಗಿ ನಾವು ತಿಂಗಳುಗಟ್ಟಲೆ ಚರ್ಚಿಸುತ್ತೇವೆ. ಪಕ್ಷ ಕಟ್ಟುತ್ತೇವೆ, ಪಕ್ಷ ಒಡೆಯುತ್ತೇವೆ. ಆದರೆ ಆ ಕುರ್ಚಿಯ ಬದಿಗಿರುವ ಮೇಜಿನ ಮುಂದೆ ಕುಳಿತು ರಶೀದಿ ಬರೆಯುವವನಾರು, ಬೆಳಗಿನ ಐದು ಗಂಟೆಗೆ ಎದ್ದು ಊರಿಗೆ ನೀರು ಬಿಡುವವನಾರು, ಅವರಿಗೆ ಆ ಕೆಲಸವನ್ನು ಯಾರು ಯಾವಾಗ ಕಲಿಸಿದರು ಎಂಬ ಪ್ರಶ್ನೆಯನ್ನು ಕೇಳಿದವರನ್ನು ನಾವು ಕಂಡದ್ದು ವಿರಳ. ಈ ಹೊತ್ತು ತಮ್ಮ ಗಮನವನ್ನು ಕುರ್ಚಿಯಿಂದ ತೆಗೆದು ಆ ಮೇಜಿನ ಕಡೆಗೂ ನೀರಿನ ಟಾಕಿಯ ಕಡೆಗೂ ತಿರುಗಿಸಬೇಕೆಂಬುದೇ ನಮ್ಮ ಉದ್ದೇಶ. ವಿಷಯವು ಒಣ ವಿಷಯವೆಂದು ತಾವು ಅನ್ನಬಹುದು. ಅಹುದು, ಒಣದೇ. ಆದರೆ ಊರಿನ ನಲ್ಲಿಯು ಒಣಗುವದೂ ಅದರಲ್ಲಿ ಕೆಟ್ಟ ನೀರು ಬರುವದೂ ಇದೇ ಒಣ ವಿಷಯದಿಂದಲೇ ಆಗಿದೆ.

1882ನೆಯ ಇಸವಿಯಲ್ಲಿ ಲಾರ್ಡ್ ರಿಪ್ಪನ್ನರು ಸ್ಥಾನಿಕ ಸ್ವರಾಜ್ಯದ ಬಗೆಗೆ ತಮ್ಮ ಸುಪ್ರಸಿದ್ಧವಾದ ಠರಾವನ್ನು ಹೊರಡಿಸಿದಾಗ, ಆಡಳಿತವು ಸುಧಾರಿಸುವದಕ್ಕಿಂತಲೂ ಜನರಿಗೆ ರಾಜಕೀಯ ಶಿಕ್ಷಣವು ದೊರೆಯುವದೇ ಅದರ ಮುಖ್ಯ ಫಲವೆಂದು ಹೇಳಿದರು. ಆ ಶಿಕ್ಷಣವು ದೊರೆಯಲಿಲ್ಲವೆಂದು ಹೇಳಲಾಗದು. ವಲ್ಲಭಭಾಯಿ ಪಟೇಲರು 1924ರಿಂದ 1928ರ ವರೆಗೆ ಅಹಮದಾಬಾದ ನಗರಸಭೆಯ ಅಧ್ಯಕ್ಷರಾಗಿದ್ದರು. ಜವಾಹರಲಾಲರು 1923ರಲ್ಲಿ ಅಲಾಹಾಬಾದಿನಲ್ಲಿ ಆ ಸ್ಥಾನವನ್ನು ವಹಿಸಿದರು. ಚಿತ್ತರಂಜನ ದಾಸರು 1924ರಲ್ಲಿ ಕಲಕತ್ತೆಯ ಮೇಯರರಾದರು. ಚರಂಡಿ, ಬೀದಿದೀಪ, ಬಜೆಟ್ಟುಗಳೊಡನೆ ಗುದ್ದಾಡಿ ಕೈಪಳಗಿಸಿಕೊಂಡವರು ಮುಂದೆ ದೇಶವನ್ನು ನಡೆಯಿಸಿದರು. ನಾಯಕನ ಶಿಕ್ಷಣಕ್ಕೆ ಹೀಗೆ ಒಂದು ಶಾಲೆ ದೊರೆಯಿತು. ಕಾರಕೂನನ ಶಿಕ್ಷಣದ ಮಾತು ಮಾತ್ರ ಯಾರ ಬಾಯಿಯಲ್ಲಿಯೂ ಹೆಚ್ಚಾಗಿ ಬರಲಿಲ್ಲ. 1926ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಅಖಿಲ ಭಾರತ ಸ್ಥಾನಿಕ ಸ್ವರಾಜ್ಯ ಸಂಸ್ಥೆಯಂಥ ಒಂದೆರಡು ಸಂಸ್ಥೆಗಳು ನಗರಸಭೆಯ ನೌಕರರಿಗೂ ಆರೋಗ್ಯ ನಿರೀಕ್ಷಕರಿಗೂ ಪಾಠ ಹೇಳುವ ಕಾರ್ಯವನ್ನು ಕೈಕೊಂಡವು. ಅವು ಮಾಡಿದ ಕೆಲಸವು ಚಿಕ್ಕದಲ್ಲ. ಆದರೆ ಮುಂಬಯಿಗೆ ಹೋಗಿ ಓದಿ ಬರುವ ಅನುಕೂಲವು ನಮ್ಮ ಹಳ್ಳಿಯ ನೌಕರನಿಗೆ ಎಲ್ಲಿಂದ ಬರಬೇಕು?

ಹಾಗಾದರೆ ಪೂರ್ವಕಾಲದಲ್ಲಿ ಹಳ್ಳಿಯ ದಪ್ತರವನ್ನು ಹಿಡಿದವನಿಗೆ ಶಿಕ್ಷಣವೇ ಇರಲಿಲ್ಲವೋ? ಇತ್ತು. ಧಾರವಾಡ, ಬೆಳಗಾವಿ ಕಡೆಯ ಕುಲಕರ್ಣಿ, ಮೈಸೂರು ಸೀಮೆಯ ಶಾನುಭೋಗ, ಬಳ್ಳಾರಿಯ ಕರಣಂ, ಇವರೆಲ್ಲರೂ ವಂಶಪರಂಪರೆಯ ನೌಕರರು. ಮಗನು ತಂದೆಯ ಪಕ್ಕದಲ್ಲಿ ಕುಳಿತು ಲೆಕ್ಕ ಬರೆಯುವದನ್ನು, ಹೊಲದ ಬದುವಿನ ಮೇಲೆ ನಡೆದು ಪೈರು ಗುರುತು ಹಾಕುವದನ್ನು, ಯಾವ ಕಾಗದವು ಯಾವ ಗಂಟಿನಲ್ಲಿರುವದೆಂಬುದನ್ನು ಹತ್ತು ವರ್ಷ ನೋಡಿ ನೋಡಿ ಕಲಿಯುತ್ತಿದ್ದನು. ಕೆಲಸವನ್ನು ಕೆಲಸದಲ್ಲಿಯೇ ಕಲಿಯುವ ಈ ಪದ್ಧತಿಯು ಬೋಧನಶಾಸ್ತ್ರದ ದೃಷ್ಟಿಯಿಂದ ಉತ್ತಮವೆಂದೇ ಹೇಳಬೇಕು. ಅದರ ದೋಷವು ಬೇರೆ ಕಡೆಗೆ ಇತ್ತು. ಆ ವಿದ್ಯೆಯು ಮನೆಯ ಗುಟ್ಟಾಗಿತ್ತು. ರೈತನಿಗೆ ತಿಳಿಯದಿದ್ದಷ್ಟೂ ಅದಕ್ಕೆ ಬೆಲೆ ಹೆಚ್ಚು. ಜಾತಿಯಿಂದ, ವಂಶದಿಂದ ಬಂದ ಅಧಿಕಾರವು ಸ್ವತಂತ್ರ ದೇಶಕ್ಕೆ ಒಪ್ಪುವಂಥದಲ್ಲ. ಮುಂಬಯಿ ಪ್ರಾಂತದಲ್ಲಿ 1950ರ ಕಾಯಿದೆಯು ಕುಲಕರ್ಣಿ ವತನವನ್ನು ತೆಗೆದುಹಾಕಿತು. ಏಕೀಕೃತವಾದ ನಮ್ಮ ರಾಜ್ಯದಲ್ಲಿ 1961ರ ಗ್ರಾಮಾಧಿಕಾರ ರದ್ದಿಯಾತಿಯ ಕಾಯಿದೆಯು 1963ರಲ್ಲಿ ಜಾರಿಗೆ ಬಂದು ಉಳಿದುದನ್ನೂ ಮುಗಿಸಿತು. ನ್ಯಾಯವಾದದ್ದೇ ಆಯಿತು. ಆದರೆ ತಂದೆಯ ಪಕ್ಕದ ಹತ್ತು ವರ್ಷಗಳ ಶಿಕ್ಷಣಕ್ಕೆ ಬದಲು ನಾವು ಏನನ್ನು ಕೊಟ್ಟೆವು? ನೇಮಣೂಕಿಯ ಆಜ್ಞೆ, ಬೀಗದ ಕೈ, "ಹಿಂದಿನವರು ಹೇಗೆ ಬರೆದಿದ್ದಾರೋ ಹಾಗೆ ಬರೆಯಿರಿ" ಎಂಬ ಉಪದೇಶ!

ಈ ಸಭೆಯಲ್ಲಿ ಶಿಕ್ಷಕರೇ ಬಹುಸಂಖ್ಯರಾಗಿರುವದರಿಂದ, ಶಿಕ್ಷಣದಿಂದ ನೌಕರನ ಕೆಲಸವು ಎಷ್ಟು ಬದಲಾಗುವದೆಂಬುದಕ್ಕೆ ದೂರದ ಉದಾಹರಣೆಯನ್ನು ಹುಡುಕಬೇಕಾದುದಿಲ್ಲ. 1923ರ ಮುಂಬಯಿ ಪ್ರಾಥಮಿಕ ಶಿಕ್ಷಣದ ಕಾಯಿದೆಯಿಂದ ಪ್ರಾಥಮಿಕ ಶಾಲೆಗಳು ಸ್ಥಾನಿಕ ಸಂಸ್ಥೆಗಳ ಕೈಗೆ ಬಂದವು. ಅಂದರೆ ಆ ಭಾಗದಲ್ಲಿ ತಮ್ಮ ಪೂರ್ವಿಕರಾದ ಕನ್ನಡ ಮಾಸ್ತರರೇ ಸ್ಥಾನಿಕ ಸ್ವರಾಜ್ಯದ ಅತಿ ದೊಡ್ಡ ನೌಕರವರ್ಗವಾಗಿದ್ದರು. ಆ ವರ್ಗವು ಶಿಕ್ಷಣವಿಲ್ಲದೆ ಬಂದದ್ದಲ್ಲ. ಅದಕ್ಕೆ ಎಷ್ಟೋ ವರ್ಷ ಮೊದಲೇ ಧಾರವಾಡದ ನಾರ್ಮಲ್ ಶಾಲೆಯಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡದಲ್ಲಿ ಕಲಿಸಬಲ್ಲ ಮಾಸ್ತರರನ್ನು ತಯಾರಿಸುವದಕ್ಕೆ ಕೈಹಾಕಿದ್ದರು. ಮರಾಠಿಯ ಪ್ರಾಬಲ್ಯವಿದ್ದ ಆ ಕಾಲದಲ್ಲಿ ಕನ್ನಡ ಶಾಲೆಗಳು ಬೇಕೆಂಬ ಅರ್ಜಿಗಳಿಂದಷ್ಟೇ ಕಾರ್ಯವು ಆಗುತ್ತಿರಲಿಲ್ಲ. ಶಾಲೆ ಮಂಜೂರಾದರೂ ಕಲಿಸುವವನಿಲ್ಲದಿದ್ದರೆ ಅದು ಕಾಗದದ ಶಾಲೆ. ಶಿಕ್ಷಿತ ಮಾಸ್ತರನು ಹಳ್ಳಿಗೆ ಹೋದನು, ಶಾಲೆ ನಿಂತಿತು, ಭಾಷೆ ಉಳಿಯಿತು. ಮಾಸ್ತರನ ವಿಷಯದಲ್ಲಿ ನಾವು ನಿರ್ವಿವಾದವಾಗಿ ಒಪ್ಪಿಕೊಂಡಿರುವ ತತ್ತ್ವವನ್ನು ಕರ ವಸೂಲಿ ಮಾಡುವವನ ವಿಷಯದಲ್ಲಿ, ನೀರು ಬಿಡುವವನ ವಿಷಯದಲ್ಲಿ ಏಕೆ ಒಪ್ಪಿಕೊಳ್ಳಲಿಲ್ಲವೆಂಬುದು ನಮಗೆ ಇನ್ನೂ ಬಗೆಹರಿಯದ ಒಗಟು.

ಪ್ರಾಂತ ಏಕೀಕರಣವಾದಾಗ ಈ ಪ್ರಶ್ನೆಯು ಎಷ್ಟು ತೀವ್ರವಾಗಿ ಎದ್ದು ನಿಂತಿತೆಂಬುದನ್ನು ಇಂದು ಮರೆತಿದ್ದೇವೆ. 1956ನೆಯ ನವೆಂಬರ 1ಕ್ಕೆ ಮೈಸೂರು, ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು ಎಂಬ ಐದು ಆಡಳಿತಗಳ ನೌಕರರು ಒಂದೇ ಸರಕಾರದ ಸೇವಕರಾದರು. ಮಾತು ಒಂದು, ಕಾಗದ ಐದು! ಹೊಲದ ಹಕ್ಕುಪತ್ರವನ್ನು ಒಬ್ಬನು ಪಹಣಿಯೆಂದರೆ ಇನ್ನೊಬ್ಬನು ಸಾತ್-ಬಾರಾ ಎನ್ನುವನು, ಮತ್ತೊಬ್ಬನು ಅಡಂಗಲ್ಲೆನ್ನುವನು. ಒಂದು ಕಡೆಯ ಶಾನುಭೋಗನ ಉದ್ಯೋಗವು ಇನ್ನೊಂದು ಕಡೆಯಲ್ಲಿ ತಲಾಠಿಯ ಉದ್ಯೋಗ. ಪಂಚಾಯತಿಯ ಕಾಯಿದೆಯೂ ಊರಿಗೊಂದು ತೆರ. 1959ರಲ್ಲಿ ಗ್ರಾಮ ಪಂಚಾಯತಿ ಮತ್ತು ಸ್ಥಾನಿಕ ಮಂಡಲಿಗಳ ಕಾಯಿದೆ, 1964ರಲ್ಲಿ ಪುರಸಭೆಗಳ ಕಾಯಿದೆ ಹಾಗೂ ಭೂಕಂದಾಯದ ಕಾಯಿದೆ, ಹೀಗೆ ಕಾಯಿದೆಗಳನ್ನು ಒಂದು ಮಾಡುವದಕ್ಕೇ ಎಂಟು ವರ್ಷಗಳು ಬೇಕಾದವು. ನಕಾಶದ ಮೇಲೆ ಗೆರೆಯನ್ನು ಅಳಿಸುವದು ಒಂದು ದಿನದ ಕೆಲಸ. ಕಾರಕೂನನ ಕೈಯೊಳಗಿನ ರೂಢಿಯನ್ನು ಬದಲಿಸುವದು ಒಂದು ತಲೆಮಾರಿನ ಕೆಲಸ. ಕನ್ನಡ ನಾಡು ಒಂದಾಯಿತೆಂದು ನಾವು ಹಿಗ್ಗಿದ್ದು ಸರಿಯೇ. ಆದರೆ ಬೀದರದ ರೈತನೂ ಚಾಮರಾಜನಗರದ ರೈತನೂ ಒಂದೇ ತೆರನಾದ ಕಾಗದವನ್ನು ಒಂದೇ ತೆರನಾದ ಸೌಜನ್ಯದಿಂದ ಪಡೆಯುವವರೆಗೆ ಆ ಏಕೀಕರಣವು ಕಚೇರಿಯೊಳಗೆ ಬಂದಿತೆಂದು ಹೇಳುವಂತಿಲ್ಲ.

ಇನ್ನು ಮೂಲ ಮಾತಿಗೆ ಬರುವ. ನೌಕರನಿಗೆ ಕೊಟ್ಟ ಶಿಕ್ಷಣವು ಅವನ ಕೆಲಸದಲ್ಲಿ ಹೇಗೆ ಕಾಣಿಸಿಕೊಳ್ಳುವದು? ದೊಡ್ಡ ಅಧಿಕಾರಿಯಿಂದಲ್ಲ, ಅತಿ ಚಿಕ್ಕವನಿಂದಲೇ ಆರಂಭಿಸುವ.

ಮೈಸೂರು ಕಡೆಗೆ ನೀರುಗಂಟಿಯೆಂದೂ ಇತ್ತ ವಾಟರ್‌ಮನ್ ಎಂದೂ ಕರೆಯಿಸಿಕೊಳ್ಳುವ ಮನುಷ್ಯನನ್ನು ತಾವೆಲ್ಲರೂ ಬಲ್ಲಿರಿ. ಹಿಂದೆ ಕೆರೆಯ ತೂಬನ್ನು ತೆರೆದು ಗದ್ದೆಗಳಿಗೆ ನೀರು ಹಂಚುತ್ತಿದ್ದವನ ಹೆಸರೇ ಇಂದು ಕೊಳವೆಬಾವಿಯ ಮೋಟರು ಹಾಕುವವನಿಗೆ ಬಂದಿದೆ. ಪಂಚಾಯತಿಯ ಪಟ್ಟಿಯಲ್ಲಿ ಅವನ ಹೆಸರು ಕೊನೆಗೆ. ಸಂಬಳ ಕೈಗೆ ಬರುವದು ಎಲ್ಲರಿಗಿಂತ ತಡವಾಗಿ. ಆದರೆ ಊರಿನ ಪ್ರತಿಯೊಂದು ಕೂಸಿನ ಹೊಟ್ಟೆಯೊಳಗೆ ಏನು ಹೋಗಬೇಕೆಂಬುದು ಅವನ ಕೈಯಲ್ಲಿದೆ. ಟಾಕಿಗೆ ಬ್ಲೀಚಿಂಗ್ ಪುಡಿಯನ್ನು ಹಾಕಬೇಕೆಂದು ಅವನಿಗೆ ಹೇಳಿರುತ್ತಾರೆ. ಎಷ್ಟು ಹಾಕಬೇಕು? "ಎರಡು ಹಿಡಿ" ಎಂದು ಒಬ್ಬ, "ವಾಸನೆ ಬರುವಷ್ಟು" ಎಂದು ಇನ್ನೊಬ್ಬ. ಒಳ್ಳೆಯ ಪುಡಿಯಿದ್ದರೆ 1,000 ಲೀಟರು ನೀರಿಗೆ ಸುಮಾರು 2.5 ಗ್ರಾಂ ಬೇಕು. ಅಂದರೆ 50,000 ಲೀಟರಿನ ಟಾಕಿಗೆ 125 ಗ್ರಾಂ. ಪುಡಿಯನ್ನು ಒಣದಾಗಿ ಎರಚಬಾರದು. ಬಕೀಟಿನಲ್ಲಿ ಕಲಸಿ, ಸುಣ್ಣದ ಅಂಶವು ತಳಕ್ಕೆ ಕೂತ ಬಳಿಕ ಮೇಲಿನ ತಿಳಿಯನ್ನು ಟಾಕಿಗೆ ಹೊಯ್ಯಬೇಕು. ಒಂದು ಗಂಟೆ ಬಿಟ್ಟು ನೀರನ್ನು ಹರಿಸಬೇಕು. ಊರಿನ ಕೊನೆಯ ನಲ್ಲಿಯ ನೀರಿನಲ್ಲಿ ಲೀಟರಿಗೆ 0.2 ಮಿಲಿಗ್ರಾಮಿನಷ್ಟಾದರೂ ಕ್ಲೋರಿನ್ನು ಉಳಿದಿರಬೇಕು. ಔಷಧದ ಹನಿಗಳನ್ನು ಹಾಕಿ ಬಣ್ಣ ನೋಡಿದರೆ ಅದು ತಿಳಿಯುವದು. ಎಲ್ಲಕ್ಕೂ ಹೆಚ್ಚಾಗಿ, ಪುಡಿಯ ಚೀಲದ ಬಾಯಿಯನ್ನು ತೆರೆದಿಟ್ಟರೆ ಅದರ ಕಸುವು ದಿನದಿನಕ್ಕೆ ಹಾರಿಹೋಗುವದು. ಮೂರು ತಿಂಗಳು ತೆರೆದಿಟ್ಟ ಚೀಲದಿಂದ ಎಷ್ಟು ಅಳೆದು ಹಾಕಿದರೂ ಅದು ಸುಣ್ಣ ಹಾಕಿದಂತೆಯೇ.

ಇಷ್ಟನ್ನು ಕಲಿಸುವದಕ್ಕೆ ಎಷ್ಟು ಕಾಲ ಬೇಕು? ಟಾಕಿಯ ಬುಡದಲ್ಲಿ ಒಂದು ಮುಂಜಾನೆ, ಹದಿನೈದು ದಿನ ಬಿಟ್ಟು ಮತ್ತೊಂದು ಮುಂಜಾನೆ. ಯಾವ ಸಭಾಗೃಹವೂ ಬೇಡ, ಯಾವ ಉದ್ಘಾಟನೆಯೂ ಬೇಡ. ಟಾಕಿಯಲ್ಲಿ ಎಷ್ಟು ಲೀಟರು ಹಿಡಿಯುವದೆಂಬುದನ್ನು ಗೋಡೆಯ ಮೇಲೆ ಬಣ್ಣದಿಂದ ಬರೆದು, ಅದಕ್ಕೆ ತಕ್ಕ ಒಂದು ಡಬ್ಬಿಯನ್ನು ಗುರುತು ಹಾಕಿ ಕೊಟ್ಟರೆ ಅಕ್ಷರ ಬಾರದವನೂ ತಪ್ಪದೆ ಮಾಡಬಲ್ಲನು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯಲ್ಲಿ ಪ್ರತಿ ಹಳ್ಳಿಯ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷಿಸುವದನ್ನು ಕಲಿಸಬೇಕೆಂದು ಇಟ್ಟರು. ಈ ಏರ್ಪಾಡು ನಮಗೆ ಬಹಳ ಸೇರಿತು. ಏಕೆಂದರೆ ಕಲಿತ ನೌಕರನಿಗೂ ಒಬ್ಬ ಪರೀಕ್ಷಕನು ಬೇಕು. ಆ ಪರೀಕ್ಷಕರು ಕುಡಿಯುವವರೇ ಆದರೆ ಇನ್ನೇನು ಬೇಕು? ಆದರೆ ಪರೀಕ್ಷೆಯ ಪೆಟ್ಟಿಗೆಯನ್ನು ಕೊಟ್ಟು, ಔಷಧ ಮುಗಿದ ಮೇಲೆ ಮತ್ತೆ ತುಂಬಿಸದಿದ್ದರೆ ಆ ಶಿಕ್ಷಣವೂ ಪೆಟ್ಟಿಗೆಯಲ್ಲಿಯೇ ಉಳಿಯುವದು.

ಇನ್ನು ನಮ್ಮ ವೃತ್ತಿಯಲ್ಲಿ ನಿತ್ಯವೂ ಕಾಣುವ ಮಾತೊಂದನ್ನು ಹೇಳುತ್ತೇವೆ. ವಕೀಲರಾದ ನಮಗೆ ಸ್ಥಾನಿಕ ಸಂಸ್ಥೆಗಳ ಕೆಲಸವು ಕಾಣಿಸುವದು ಅದು ಕೆಟ್ಟ ಮೇಲೆಯೇ. ವೈದ್ಯನಿಗೆ ಊರಿನ ಆರೋಗ್ಯವು ಕಾಣಿಸುವಂತೆ. ಹೆಸರು ಹೇಳಬಾರದ ಒಂದು ಪಂಚಾಯತಿಯು ತನ್ನ ಮಳಿಗೆಗಳ ಬಾಡಿಗೆಯನ್ನು ಅನೇಕ ವರ್ಷ ಕೊಡದವನ ಮೇಲೆ ಕ್ರಮ ಕೈಕೊಂಡಿತು. ಬಾಕಿ ಇದ್ದದ್ದು ನಿಜ, ಕೊಡದಿದ್ದದ್ದು ನಿಜ. ಊರಿಗೆಲ್ಲ ಗೊತ್ತಿದ್ದ ಸಂಗತಿ. ಆದರೆ ಅವನಿಗೆ ಹೋದ ನೋಟೀಸಿನಲ್ಲಿ ಮಳಿಗೆಯ ಸಂಖ್ಯೆ ಇರಲಿಲ್ಲ. ಯಾವ ಅವಧಿಯ ಬಾಕಿಯೆಂದು ಇರಲಿಲ್ಲ. ತಕರಾರು ಹೇಳಲು ಇಂತಿಷ್ಟು ದಿನವೆಂದು ಇರಲಿಲ್ಲ. ಅವನು ತೆಗೆದುಕೊಳ್ಳಲು ಒಪ್ಪದಾಗ ಬಾಗಿಲಿಗೆ ಹಚ್ಚಿದರೆನ್ನಲು ಪಂಚರ ಸಹಿ ಇರಲಿಲ್ಲ. ಪಂಚಾಯತಿಯ ಠರಾವು ನಡಾವಳಿ ಪುಸ್ತಕದಲ್ಲಿ ಎರಡು ಸಾಲುಗಳ ನಡುವೆ ತುರುಕಿದಂತೆ ಬೇರೆ ಮಸಿಯಲ್ಲಿತ್ತು. ಕೆಲಸವು ಮೊದಲ ಬಾಗಿಲಲ್ಲಿಯೇ ಬಿತ್ತು. ವಾದಿಸಿದ ವಕೀಲನು ಜಾಣನೆಂದು ಊರು ಹೊಗಳಿತು! ಜಾಣತನವೆಲ್ಲಿತ್ತು? ಎದುರು ಪಕ್ಷದ ಕಾರಕೂನನಿಗೆ ಯಾರೂ ನೋಟೀಸು ಬರೆಯಲು ಕಲಿಸಿರಲಿಲ್ಲ, ಅಷ್ಟೇ. ಅವನು ಕಳ್ಳನಲ್ಲ, ಸೋಮಾರಿಯೂ ಅಲ್ಲ. ಅವನ ಅಕ್ಷರವು ಮುತ್ತಿನಂತೆ ಇತ್ತು.

ಇಂಥವನಿಗೆ ಬೇಕಾದದ್ದು ಸಂವಿಧಾನದ ಇತಿಹಾಸದ ಉಪನ್ಯಾಸವಲ್ಲ. ಎದುರಿಗೆ ಹತ್ತು ಹಳೆಯ ನೋಟೀಸುಗಳನ್ನು ಹರವಿ, ಯಾವುದು ಏಕೆ ನಿಲ್ಲಲಾರದೆಂದು ತೋರಿಸಿ, ಅವನ ಕೈಯಿಂದಲೇ ಹನ್ನೊಂದನೆಯದನ್ನು ಬರೆಯಿಸಬೇಕು. ಬೇಡಿಕೆ, ವಸೂಲಿ, ಬಾಕಿ ಎಂಬ ಮೂರು ಕಲಮುಗಳ ಲೆಕ್ಕವನ್ನು ಅವನ ಪಂಚಾಯತಿಯ ಪುಸ್ತಕದಿಂದಲೇ ಮಾಡಿಸಬೇಕು. ಎದುರಿನವನ ಮಾತನ್ನು ಕೇಳದೆ ಅವನ ವಿರುದ್ಧ ಆಜ್ಞೆ ಮಾಡಲಾಗದೆಂಬ ನ್ಯಾಯತತ್ತ್ವವು ಸೌಜನ್ಯವಲ್ಲ, ಕಾಯಿದೆಯ ಬೆನ್ನೆಲುಬು, ಎಂಬುದು ಅವನಿಗೆ ಒಮ್ಮೆ ತಿಳಿದರೆ ಸಾಕು; ಜನರೊಡನೆ ಅವನು ಮಾತಾಡುವ ರೀತಿಯೂ ಬದಲಾಗುವದು. ನಾವು ಕಂಡಂತೆ ಕೆಲಸ ಬಲ್ಲ ನೌಕರನು ಸಾಮಾನ್ಯವಾಗಿ ಒರಟನಾಗಿರುವದಿಲ್ಲ. ಒರಟುತನದ ಬಹುಭಾಗವು ಅಜ್ಞಾನವನ್ನು ಮುಚ್ಚಿಕೊಳ್ಳುವ ಹೊದಿಕೆ. "ನಾಳೆ ಬಾ" ಎಂಬ ಮಾತಿನ ಅರ್ಥವು ಎಷ್ಟೋ ಸಲ "ಇದನ್ನು ಹೇಗೆ ಮಾಡಬೇಕೋ ನನಗೆ ತಿಳಿಯದು" ಎಂದೇ. ಕೆಲವು ಸಲ ಬೇರೆ ಅರ್ಥವೂ ಉಂಟು. ಅದಕ್ಕೆ ಔಷಧವು ಶಿಕ್ಷಣವಲ್ಲ, ಶಿಕ್ಷೆ.

ಹಾಗಾದರೆ ಸರಕಾರವು ಶಿಕ್ಷಣವನ್ನು ಕೊಡುವದೇ ಇಲ್ಲವೋ ಎಂದು ತಾವು ಕೇಳಬಹುದು. ಕೊಡುತ್ತದೆ. ಮೈಸೂರಿನಲ್ಲಿ ಅಬ್ದುಲ್ ನಜೀರ್ ಸಾಬರ ಹೆಸರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಯುಂಟು, ನಗರಸಭೆಗಳ ನೌಕರರಿಗಾಗಿ ನಗರಾಭಿವೃದ್ಧಿ ಸಂಸ್ಥೆಯುಂಟು. ಊರೂರಿಗೆ ನೀರು ಮುಟ್ಟಿಸಿದ ಮಂತ್ರಿಯ ಹೆಸರನ್ನು ಶಿಕ್ಷಣಸಂಸ್ಥೆಗೆ ಇಟ್ಟದ್ದು ಬಹು ಯೋಗ್ಯವಾಯಿತು. ನಮ್ಮ ದೂರು ಶಿಕ್ಷಣವಿಲ್ಲವೆಂದಲ್ಲ. ಅದನ್ನು ಅಳೆಯುವ ಕೋಲು ಸರಿಯಾದುದಲ್ಲವೆಂದು. ಇಷ್ಟು ಜನರು ಬಂದರು, ಇಷ್ಟು ದಿನ ಕುಳಿತರು, ಇಷ್ಟು ಪ್ರಮಾಣಪತ್ರ ಹಂಚಿದೆವು, ಎಂಬುದೇ ವರದಿ. ಶಾಲೆಯ ಯೋಗ್ಯತೆಯನ್ನು ಹಾಜರಿ ಪಟ್ಟಿಯಿಂದ ಅಳೆದರೆ ತಾವು ಒಪ್ಪುವಿರೋ? ಅಮೇರಿಕೆಯ ಡೋನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬ ವಿದ್ವಾಂಸರು 1959ರಲ್ಲಿಯೇ ಇದಕ್ಕೆ ನಾಲ್ಕು ಮೆಟ್ಟಿಲುಗಳನ್ನು ಹೇಳಿದರು: ಕಲಿತವನಿಗೆ ಪಾಠವು ಹಿಡಿಸಿತೋ, ಅವನು ಏನಾದರೂ ಕಲಿತನೋ, ಕಲಿತದ್ದನ್ನು ಕೆಲಸದಲ್ಲಿ ಮಾಡುತ್ತಿರುವನೋ, ಅದರಿಂದ ಸಂಸ್ಥೆಗೆ ಫಲವು ಬಂದಿತೋ. ನಾವು ಮೊದಲನೆಯ ಮೆಟ್ಟಿಲ ಮೇಲೆ ಊಟ ಚೆನ್ನಾಗಿತ್ತೆಂದು ಬರೆಯಿಸಿಕೊಂಡು ಕೆಳಗಿಳಿದು ಬರುತ್ತೇವೆ. ಮೂರನೆಯ ಮೆಟ್ಟಿಲನ್ನು ಹತ್ತಬೇಕಾದರೆ, ಶಿಕ್ಷಣವಾದ ಮೂರು ತಿಂಗಳ ಮೇಲೆ ಯಾರಾದರೂ ಆ ಪಂಚಾಯತಿಗೆ ಹೋಗಿ ನೋಟೀಸನ್ನು ತೆರೆದು ನೋಡಬೇಕು, ಕೊನೆಯ ನಲ್ಲಿಯ ನೀರನ್ನು ಪರೀಕ್ಷಿಸಬೇಕು. ಈ ಕೆಲಸಕ್ಕೆ ವೆಚ್ಚವೂ ಕಡಿಮೆ, ಉತ್ಸಾಹವೂ ಕಡಿಮೆ.

ಇನ್ನೊಂದು ವಿಘ್ನವಿದೆ, ನಮ್ಮ ಮಟ್ಟಿಗೆ ಅದೇ ದೊಡ್ಡದು. ಕಲಿತು ಬಂದವನನ್ನು ಕಚೇರಿಯು ಹೇಗೆ ಬರಮಾಡಿಕೊಳ್ಳುವದು? ಐದು ದಿನ ಮೈಸೂರಿನಲ್ಲಿ ಕಲಿತು ಹುರುಪಿನಿಂದ ಮರಳಿದ ತರುಣನಿಗೆ ಹಿರಿಯ ಕಾರಕೂನನು ಹೇಳುವ ಮೊದಲ ಮಾತು: "ಅದೆಲ್ಲ ಅಲ್ಲಿ, ಇಲ್ಲಿ ನಡೆಯುವದು ಹೀಗೆ." ಒಬ್ಬನೇ ಕಲಿತರೆ ಅವನು ಹಳೆಯ ರೂಢಿಯೊಳಗೆ ಮುಳುಗಿಹೋಗುವನು, ಕಚೇರಿಯವರೆಲ್ಲರೂ ಒಟ್ಟಿಗೆ ಕಲಿತರೆ ರೂಢಿಯೇ ಬದಲಾಗುವದು. ಇದಕ್ಕೆ ಒಳ್ಳೆಯ ಸಾಕ್ಷ್ಯವು ಸ್ಥಾನಿಕ ಸಂಸ್ಥೆಯದಲ್ಲದ ಒಂದು ಕಡೆಯಿಂದ ದೊರೆತಿದೆ. ಈ ಶತಮಾನದ ಮೊದಲ ದಶಕದಲ್ಲಿ, 2019ರಲ್ಲಿ ನೋಬೆಲ್ ಪಾರಿತೋಷಕವನ್ನು ಪಡೆದ ಅಭಿಜಿತ ಬ್ಯಾನರ್ಜಿ, ಎಸ್ತೇರ್ ಡುಫ್ಲೋ ಮತ್ತು ಅವರ ಸಂಗಡಿಗರು ರಾಜಸ್ಥಾನದ ಪೊಲೀಸು ಠಾಣೆಗಳಲ್ಲಿ ಪ್ರಯೋಗ ನಡೆಯಿಸಿದರು. ಹಲವು ಸುಧಾರಣೆಗಳನ್ನು ಬೇರೆ ಬೇರೆ ಠಾಣೆಗಳಲ್ಲಿ ಮಾಡಿನೋಡಿದಾಗ, ತನಿಖೆಯನ್ನೂ ಜನರೊಡನೆ ನಡೆದುಕೊಳ್ಳುವ ಬಗೆಯನ್ನೂ ಸಿಬ್ಬಂದಿಗೆ ಕಲಿಸಿದುದೂ, ಪದೇ ಪದೇ ಮಾಡುವ ವರ್ಗಾವಣೆಯನ್ನು ನಿಲ್ಲಿಸಿದುದೂ ಫಲಕಾರಿಯಾದವು. ಠಾಣೆಯ ಮೇಲಧಿಕಾರಿಯ ಮರ್ಜಿಯನ್ನು ಅವಲಂಬಿಸಿದ್ದ ಸುಧಾರಣೆಗಳು ಕಾಲ ಕಳೆದಂತೆ ಸೊರಗಿದವು. ವರ್ಗಾವಣೆಯ ಮಾತನ್ನು ನಮ್ಮ ನಾಡಿನಲ್ಲಿ ಬಿಡಿಸಿ ಹೇಳಬೇಕೇ? ಒಂದು ಊರಿನ ಕೊಳವೆ ಎಲ್ಲಿ ಸೋರುವದು, ಯಾವ ಓಣಿಯಲ್ಲಿ ತಂಟೆಯೆಂಬುದನ್ನು ಕಲಿಯಲು ಪಂಚಾಯತಿ ಅಭಿವೃದ್ಧಿ ಅಧಿಕಾರಿಗೆ ಒಂದು ವರ್ಷ ಬೇಕು. ಅಷ್ಟರೊಳಗೆ ಅವನನ್ನೋ ಅವಳನ್ನೋ ಎತ್ತಿ ಬೇರೆ ತಾಲೂಕಿಗೆ ಹಾಕುವರು.

ಕಲಿಸಿದವನ ಮೇಲೆ ಎಲ್ಲವನ್ನೂ ಹೇರುವದೂ ನಮ್ಮ ಒಂದು ದುರಭ್ಯಾಸ. 1952ರ ಅಕ್ಟೋಬರ 2ರಂದು ಸಮುದಾಯ ಅಭಿವೃದ್ಧಿ ಯೋಜನೆಯು ಆರಂಭವಾದಾಗ ಗ್ರಾಮಸೇವಕರೆಂಬ ಹೊಸ ನೌಕರರನ್ನು ತಯಾರಿಸಿದರು. ಅವರಿಗೆ ಕೊಟ್ಟ ಶಿಕ್ಷಣವು ಅಂದಿನ ಮಟ್ಟಿಗೆ ಒಳ್ಳೆಯದೇ. ಆದರೆ ಬೀಜ, ಗೊಬ್ಬರ, ದನದ ರೋಗ, ಶೌಚಕೂಪ, ರಾತ್ರಿಶಾಲೆ, ಯುವಕ ಮಂಡಲ, ಮೇಲಾಗಿ ಹತ್ತಾರು ಬಗೆಯ ವರದಿಗಳು, ಎಲ್ಲವೂ ಒಬ್ಬ ತರುಣನ ಸೈಕಲ್ಲಿನ ಮೇಲೆ! ಐದೇ ವರ್ಷಗಳಲ್ಲಿ, 1957ರಲ್ಲಿ, ಬಲವಂತರಾಯ ಮೆಹತಾ ಸಮಿತಿಯು ಈ ಯೋಜನೆಯು ಜನರನ್ನು ಕೂಡಿಸಿಕೊಳ್ಳಲಾರದೆ ಹೋಯಿತೆಂದು ಹೇಳಿ, ಚುನಾಯಿತ ಸಂಸ್ಥೆಗಳೇ ಬೇಕೆಂದಿತು. ಶಿಕ್ಷಿತನು ಸೋತದ್ದಲ್ಲ, ಹತ್ತು ಜನರ ಹೊರೆಯನ್ನು ಹೊತ್ತು ಯಾರೂ ನಡೆಯಲಾರರು.

ಕಂಪ್ಯೂಟರು ಬಂದ ಮೇಲಂತೂ ಹೊಸದೊಂದು ಭ್ರಾಂತಿಯು ಹುಟ್ಟಿಕೊಂಡಿದೆ: ಗುಂಡಿ ಒತ್ತಲು ಕಲಿಸಿದರೆ ಕೆಲಸ ಕಲಿಸಿದಂತಾಯಿತೆಂದು. 2013ರಲ್ಲಿ ಬಂದ ಇ-ಸ್ವತ್ತು ತಂತ್ರಾಂಶವನ್ನೇ ನೋಡಿರಿ. ಯಾವ ಕಿಟಕಿಯಲ್ಲಿ ಯಾವ ಹೆಸರನ್ನು ತುಂಬಬೇಕೆಂಬುದನ್ನು ನೌಕರನು ಎರಡು ದಿನಗಳಲ್ಲಿ ಕಲಿತನು. ಆದರೆ ನಮೂನೆ 9 ಎಂದರೇನು, ನಮೂನೆ 11 ಎಂದರೇನು, ಬಿನ್‌ಶೇತ್ಕಿಯಾಗದ ಹೊಲದೊಳಗಿನ ನಿವೇಶನಕ್ಕೆ ಏನನ್ನು ಕೊಡಬೇಕು, ಏನನ್ನು ಕೊಡಬಾರದು, ಅಣ್ಣತಮ್ಮಂದಿರ ಪಾಲಿನ ತಂಟೆಯಿರುವ ಮನೆಗೆ ಒಬ್ಬನ ಹೆಸರನ್ನು ಏರಿಸಬಹುದೋ, ಇದನ್ನು ಯಂತ್ರವು ಹೇಳುವದಿಲ್ಲ. ತಪ್ಪನ್ನು ಹಿಂದೆ ಕೈಯಿಂದ ನಿಧಾನವಾಗಿ ಬರೆಯುತ್ತಿದ್ದೆವು. ಈಗ ಯಂತ್ರದಿಂದ ಬೇಗನೆ, ಮುದ್ರೆಯ ಸಹಿತ. ಆ ಕಾಗದವನ್ನು ನಂಬಿ ಬ್ಯಾಂಕಿನಲ್ಲಿ ಸಾಲ ಮಾಡಿದವನು ಮುಂದೆ ನಮ್ಮ ಕಡೆಗೆ ಬರುತ್ತಾನೆ. ವಕೀಲರ ಹೊಟ್ಟೆ ತುಂಬಿಸುವದಕ್ಕೆ ಇದಕ್ಕಿಂತ ಸುಲಭವಾದ ಉಪಾಯವನ್ನು ಶತ್ರುವೂ ಕಂಡುಹಿಡಿಯಲಾರನು!

ಭಾಷೆಯ ಮಾತನ್ನು ಬಿಡಲಾರೆವು. 1963ರಲ್ಲಿ ರಾಜ್ಯದ ಆಡಳಿತಭಾಷೆಯ ಕಾಯಿದೆಯಾಗಿ ಇಷ್ಟು ವರ್ಷಗಳಾದವು. ಪಂಚಾಯತಿಯ ದಪ್ತರವು ಕನ್ನಡದಲ್ಲಿದೆ. ಆದರೆ ಅದನ್ನು ಕಲಿಸುವ ಕೈಪಿಡಿಯು ಅನೇಕ ವೇಳೆ ಇಂಗ್ಲಿಷಿನಲ್ಲಿ ಹುಟ್ಟಿ ಕನ್ನಡದ ಅಂಗಿಯನ್ನು ತೊಟ್ಟು ಬರುತ್ತದೆ. ಒಂದು ವಾಕ್ಯವು ಅರ್ಧ ಪುಟ. ಕ್ರಿಯಾಪದವನ್ನು ಹುಡುಕುವದರೊಳಗೆ ಕರ್ತೃವು ಮರೆತುಹೋಗುವನು. ಓದುಬಲ್ಲ ನಮಗೇ ತಿಳಿಯದ್ದು ಏಳನೆಯ ಇಯತ್ತೆ ಕಲಿತ ಕರವಸೂಲಿಗಾರನಿಗೆ ತಿಳಿಯುವದೆಂದು ಹೇಗೆ ನಂಬಬೇಕು? ಡೆಪ್ಯುಟಿ ಚನ್ನಬಸಪ್ಪನವರು ಮಾಸ್ತರರಿಗೆ ಮಾಡಿಕೊಟ್ಟದ್ದನ್ನು ಪಂಚಾಯತಿಯ ನೌಕರನಿಗೆ ಇನ್ನೂ ಯಾರೂ ಮಾಡಿಕೊಟ್ಟಿಲ್ಲ. ಆ ಕೆಲಸವನ್ನು ತಮ್ಮಲ್ಲಿ ಯಾರಾದರೂ ಏಕೆ ಕೈಕೊಳ್ಳಬಾರದು?

ನಮ್ಮ ಗ್ರಾಮಪಂಚಾಯತಿಗಳು ಸುಮಾರು 6,000. ಅವುಗಳಿಗೆ ಚುನಾಯಿತರಾಗುವ ಸದಸ್ಯರು 90,000ಕ್ಕೂ ಮಿಕ್ಕಿ. ಐದು ವರ್ಷಕ್ಕೊಮ್ಮೆ ಅವರಲ್ಲಿ ಬಹುಜನರು ಹೊಸಬರು, ನೌಕರನು ಹಳಬನು. ಹೀಗಿರಲು ಒಬ್ಬರಿಗೆ ಕಲಿಸಿ ಇನ್ನೊಬ್ಬರನ್ನು ಬಿಟ್ಟರೆ ತೂಕವು ತಪ್ಪುವದು. ನೌಕರನಿಗೊಬ್ಬನಿಗೇ ಕಾಯಿದೆ ಗೊತ್ತಿದ್ದರೆ ಸಭೆಯು ಅವನು ತೋರಿಸಿದಲ್ಲಿ ಸಹಿ ಮಾಡುವದು. ಹೊಸದಾಗಿ ಆರಿಸಿಬಂದ ಹೆಣ್ಣುಮಗಳು ಅಧ್ಯಕ್ಷೆಯಾದಲ್ಲಿ ಇದು ಎಷ್ಟು ಸಾರಿ ಆಗುವದೆಂಬುದನ್ನು ತಾವು ಬಲ್ಲಿರಿ. ಸದಸ್ಯರಿಗಷ್ಟೇ ಕಲಿಸಿದರೆ ಅವರು ಆಜ್ಞೆ ಮಾಡುವರು, ಮಾಡಬೇಕಾದವನಿಗೆ ಬಾರದು. ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಕುಳ್ಳಿರಿಸಿ ಅವರ ಊರಿನ ಬಜೆಟ್ಟನ್ನೇ ಪಾಠವನ್ನಾಗಿ ಇಟ್ಟುಕೊಂಡರೆ ಎಷ್ಟೋ ಜಗಳಗಳು ಅಲ್ಲಿಯೇ ಮುಗಿಯುವವು.

ಇದಕ್ಕೆ ಎರಡು ಆಕ್ಷೇಪಗಳನ್ನು ನಾವು ಕೇಳಿದ್ದೇವೆ. ಕಲಿಸಿದ ನೌಕರನು ಹೆಚ್ಚಿನ ಸಂಬಳಕ್ಕೆ ಬೇರೆ ಕಡೆಗೆ ಹೋಗುವನೆಂಬುದು ಒಂದು. ಹೋಗಲಿ, ಕಲಿಯದವನು ಮೂವತ್ತು ವರ್ಷ ಇಲ್ಲಿಯೇ ಉಳಿಯುವದು ಅದಕ್ಕಿಂತ ಲಾಭವೇ? ಹಣವೆಲ್ಲಿದೆಯೆಂಬುದು ಎರಡನೆಯದು. ಪ್ರತಿಯೊಂದು ಖಾತೆಯು ತನ್ನ ಸಂಬಳದ ಬಾಬಿನ 2.5 ಪ್ರತಿಶತವನ್ನಾದರೂ ಶಿಕ್ಷಣಕ್ಕೆ ತೆಗೆದಿಡಬೇಕೆಂದು ಕೇಂದ್ರ ಸರಕಾರವೇ ತನ್ನ 2012ರ ಶಿಕ್ಷಣನೀತಿಯಲ್ಲಿ ಹೇಳಿದೆ. ಸ್ಥಾನಿಕ ಸಂಸ್ಥೆಗಳ ಮಟ್ಟಿಗೆ ಇದರ ಅರ್ಧದಷ್ಟು ನಡೆದರೂ ನಾವು ಸಂತೋಷಪಡುವೆವು. ಆದರೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು: ಶಿಕ್ಷಣವನ್ನು ಸಂಬಳಕ್ಕೆ ಬದಲಾಗಿ ಕೊಡಲಾಗದು. ನಾಲ್ಕು ತಿಂಗಳು ಪಗಾರ ಕಾಣದ ನೀರುಗಂಟಿಯನ್ನು ಕರೆದು ಕ್ಲೋರಿನ್ನಿನ ಗುಣವನ್ನು ವರ್ಣಿಸುವದು ಕ್ರೌರ್ಯ. ಖಾಲಿ ಬಿದ್ದ ಹುದ್ದೆಗಳನ್ನು ತುಂಬದೆ, ಒಬ್ಬ ಅಧಿಕಾರಿಗೆ ಎರಡು ಪಂಚಾಯತಿಗಳ ಹೊರೆಯನ್ನು ಕಟ್ಟಿ, ಕಾರ್ಯದಕ್ಷತೆಯ ಶಿಬಿರಕ್ಕೆ ಕಳಿಸುವದೂ ಅಂಥದೇ.

ಇಷ್ಟರಲ್ಲಿಯೇ ನಮ್ಮ ಊರಿನ ಬಜೆಟ್ಟಿನ ಸಭೆಯು ಬರುವದು. ರಸ್ತೆಗೆ, ದೀಪಕ್ಕೆ, ಗಟಾರಕ್ಕೆ ಎಂದು ಕಲಮುಗಳಿರುವವು. ನೌಕರರ ಶಿಕ್ಷಣಕ್ಕೆ ಎಂಬ ಕಲಮು ಇದೆಯೋ ಎಂದು ಕೇಳುವ ಹಕ್ಕು ಕರ ಕೊಡುವ ತಮ್ಮೆಲ್ಲರಿಗೂ ಇದೆ. ಇಲ್ಲದಿದ್ದರೆ ಹಾಕಿಸಿರಿ. ಮೊದಲನೆಯ ವರ್ಷಕ್ಕೆ ಮೂರೇ ಸಂಗತಿಗಳು ಸಾಕು: ನೀರು ಬಿಡುವವರಿಗೆ ಟಾಕಿಯ ಬುಡದಲ್ಲಿ ಎರಡು ಮುಂಜಾನೆ, ಕರವಸೂಲಿಗಾರರಿಗೆ ನೋಟೀಸು ಹಾಗೂ ರಶೀದಿಯ ಪಾಠ ನಾಲ್ಕು ದಿನ, ಮೂರು ತಿಂಗಳ ಮೇಲೆ ಅದೇ ಪುಸ್ತಕಗಳ ತಪಾಸಣೆ. ನೋಟೀಸಿನ ಪಾಠವನ್ನು ಹೇಳುವದಕ್ಕೆ ನಮ್ಮ ವಕೀಲ ಬಂಧುಗಳಲ್ಲಿ ಕೆಲವರು ಸಂಭಾವನೆಯಿಲ್ಲದೆ ಬರಲು ಒಪ್ಪಿದ್ದಾರೆ. ಬೇಸಿಗೆಯ ರಜೆಯಲ್ಲಿ ಶಾಲೆಯ ಕೋಣೆಯೊಂದನ್ನು ಬಿಟ್ಟುಕೊಡುವದೂ, ಆ ಪಾಠವನ್ನು ಸರಳವಾದ ಕನ್ನಡದಲ್ಲಿ ಹದಿನಾರು ಪುಟಗಳಾಗಿ ಬರೆದುಕೊಡುವದೂ ತಮ್ಮಿಂದ ಆಗಬೇಕಾದ ಕೆಲಸ. ಹೆಸರು ಕೊಡುವವರು ಸಭೆ ಮುಗಿದ ಮೇಲೆ ವಾಚನಾಲಯದ ಕಾರ್ಯದರ್ಶಿಗಳ ಹತ್ತಿರ ಕೊಡಬಹುದು.